ರಾಕೆಟ್ಟಿನ ಸದ್ದಿಗೆ ಉಪಗ್ರಹ ಯಾಕೆ ನಡುಗುತ್ತದೆ? ಅದನ್ನು ನೆಲದ ಮೇಲೆ ಪರೀಕ್ಷಿಸುವುದು ಹೇಗೆ?

ಇಸ್ರೋದ ದೊಡ್ಡ ಉಡಾವಣೆ ಹತ್ತಿರ ಬಂದಾಗ ಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಇರುತ್ತದೆ: ನೌಕೆಯ ಕಂಪನ ಪರೀಕ್ಷೆ, ಅಕೌಸ್ಟಿಕ್ ಪರೀಕ್ಷೆ (ಅಂದರೆ ಸದ್ದಿನ ಪರೀಕ್ಷೆ) ಮುಗಿಯಿತು ಅಂತ. ಚಂದ್ರಯಾನ-3ರ ಹೊತ್ತಿನಲ್ಲೂ ಬಂದಿತ್ತು. 2023ರ ಮಾರ್ಚ್ ಮೊದಲ ವಾರ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಆ ಪರೀಕ್ಷೆ ನಡೆಯಿತು. ಜುಲೈ 14ಕ್ಕೆ ನೌಕೆ ಹಾರಿತು, ಆಗಸ್ಟ್ 23ಕ್ಕೆ ಚಂದ್ರನ ಮೇಲೆ ಇಳಿಯಿತು. ಇಳಿದ ಆ ಸಂಜೆ ಎಲ್ಲರಿಗೂ ನೆನಪಿದೆ. ಮಾರ್ಚ್‌ನಲ್ಲಿ ಏನು ಮಾಡಿದರು, ಯಾಕೆ ಮಾಡಿದರು ಅನ್ನುವುದು ಮಾತ್ರ ಹೆಚ್ಚಿನವರಿಗೆ ಗೊತ್ತಾಗಲೇ ಇಲ್ಲ. ಈಗ ಗಗನಯಾನದ ಸುದ್ದಿಗಳ ಜೊತೆ ಇಂಥ ಪರೀಕ್ಷೆಗಳ ಹೆಸರು ಇನ್ನೂ ಜಾಸ್ತಿ ಕಿವಿಗೆ ಬೀಳುತ್ತಿದೆ.

ರಾಕೆಟ್ ಮೇಲೇರುವಾಗ ಉಪಗ್ರಹ ಅಲುಗಾಡುತ್ತದೆ ಅಂದರೆ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ಎಂಜಿನ್ ಕೆಳಗಿದೆ, ಅದರ ನಡುಕ ರಾಕೆಟ್ಟಿನ ಮೈಯೊಳಗೆ ಹಾದು ಉಪಗ್ರಹದ ಬುಡಕ್ಕೆ ಮುಟ್ಟುತ್ತದೆ. ಇದು ಅರ್ಧ ಕಥೆ. ಉಳಿದ ಅರ್ಧ ಗಾಳಿಯಲ್ಲಿದೆ. ಉಪಗ್ರಹದ ಸುತ್ತ ಇರುವ ಗಾಳಿಯೇ ಸದ್ದನ್ನು ಹೊತ್ತು ತಂದು ಅದರ ಮೈಯನ್ನು ಎಲ್ಲ ಕಡೆಯಿಂದ ಬಡಿಯುತ್ತದೆ. ಅದೇ ಗಾಳಿ ಎರಡು ನಿಮಿಷದೊಳಗೆ ಬಹುತೇಕ ಖಾಲಿಯೂ ಆಗುತ್ತದೆ. ಈ ಎರಡೂ ಒಟ್ಟಿಗೆ ನಡೆಯುವುದರಿಂದಲೇ ಪರೀಕ್ಷೆ ಕಷ್ಟದ್ದು.

## ಸದ್ದು ಅಂದರೆ ಒತ್ತಡ

ಗಾಳಿಯ ಒತ್ತಡ ಒಂದೇ ಸಮನೆ ಏರಿಳಿಯುವುದೇ ಸದ್ದು. ನಾವು ಮಾತಾಡುವಾಗ ಆ ಏರಿಳಿತ ತೀರಾ ಚಿಕ್ಕದು. ಒತ್ತಡವನ್ನು ಅಳೆಯುವುದು ಪ್ಯಾಸ್ಕಲ್ ಲೆಕ್ಕದಲ್ಲಿ. ಸಮುದ್ರ ಮಟ್ಟದಲ್ಲಿ ವಾತಾವರಣದ ಒತ್ತಡ ಸುಮಾರು 1,01,300 ಪ್ಯಾಸ್ಕಲ್. ಕಿವಿಗೆ ನೋವಾಗುವ 120 ಡೆಸಿಬಲ್ ಸದ್ದಿನಲ್ಲೂ ಏರಿಳಿತ ಬರೀ 20 ಪ್ಯಾಸ್ಕಲ್.

ಡೆಸಿಬಲ್ ಲೆಕ್ಕ ಸ್ವಲ್ಪ ದಾರಿ ತಪ್ಪಿಸುತ್ತದೆ. 120ರಿಂದ 140 ಅಂದರೆ ಸ್ವಲ್ಪ ಜೋರು ಅನ್ನಿಸುತ್ತದೆ, ಅಲ್ವಾ? ಆದರೆ ಪ್ರತಿ 20 ಡೆಸಿಬಲ್‌ಗೆ ಒತ್ತಡದ ಏರಿಳಿತ ಹತ್ತು ಪಟ್ಟಾಗುತ್ತದೆ. 140 ಡೆಸಿಬಲ್ ಅಂದರೆ 200 ಪ್ಯಾಸ್ಕಲ್. ರಾಕೆಟ್ಟಿನ ತುದಿಯಲ್ಲಿ, ಉಪಗ್ರಹವನ್ನು ಮುಚ್ಚಿರುವ ಹೀಟ್ ಶೀಲ್ಡ್ ಒಳಗೆ, ಉಡಾವಣೆಯ ಹೊತ್ತಿಗೆ ಸದ್ದು ಹೆಚ್ಚುಕಡಿಮೆ ಈ ಮಟ್ಟದಲ್ಲಿರುತ್ತದೆ. ಒಂದು ಚದರ ಮೀಟರ್ ಹಲಗೆಯ ಮೇಲೆ 200 ಪ್ಯಾಸ್ಕಲ್ ಅಂದರೆ ಸುಮಾರು 20 ಕಿಲೋ ಭಾರ ಹೇರಿದ ಹಾಗೆ. ಅದು ಒಮ್ಮೆ ಒತ್ತಿ ಸುಮ್ಮನಾಗುವ ಭಾರ ಅಲ್ಲ. ಸೆಕೆಂಡಿಗೆ ನೂರಾರು, ಸಾವಿರಾರು ಸಲ ಒತ್ತುತ್ತದೆ, ಎಳೆಯುತ್ತದೆ. ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಅನ್ನುವುದೇ ಆವರ್ತನ. ಅದನ್ನು ಹರ್ಟ್ಸ್ ಅಂತ ಎಣಿಸುತ್ತಾರೆ.

## ಎರಡು ಸಲ ಏರುವ ಸದ್ದು

ಮೊದಲನೆಯದು ನೆಲ ಬಿಡುವ ಕ್ಷಣ. ಚಂದ್ರಯಾನ-3ನ್ನು ಹೊತ್ತೊಯ್ದ ಎಲ್‌ವಿಎಂ-3 ರಾಕೆಟ್ ಏಳುವಾಗ ಪಕ್ಕದ ಎರಡು ಎಸ್-200 ಘನ ಇಂಧನದ ಬೂಸ್ಟರ್‌ಗಳಷ್ಟೇ ಉರಿಯುತ್ತವೆ. ಅವುಗಳ ಬಾಯಿಂದ ಶಬ್ದಕ್ಕಿಂತ ವೇಗವಾಗಿ ಹೊರಬರುವ ಬಿಸಿ ಅನಿಲ ಸುತ್ತಲಿನ ನಿಂತ ಗಾಳಿಗೆ ತಾಗಿ ಸುಳಿಸುಳಿಯಾಗಿ ಒಡೆಯುತ್ತದೆ. ಸದ್ದು ಹುಟ್ಟುವುದು ಮುಖ್ಯವಾಗಿ ಆ ಸುಳಿಗಳಲ್ಲಿ. ಆ ಸದ್ದು ಉಡಾವಣಾ ವೇದಿಕೆಗೆ ಬಡಿದು ತಿರುಗಿ ಮೇಲಕ್ಕೆ ಬರುತ್ತದೆ.

ಈ ಹೊಡೆತ ಎಷ್ಟಿರಬಹುದು ಅಂತ ಮೊದಲೇ ಹೇಳುವುದು ಸುಲಭ ಅಲ್ಲ. 1981ರ ಏಪ್ರಿಲ್ 12ರಂದು ಅಮೆರಿಕದ ಸ್ಪೇಸ್ ಶಟಲ್ ಮೊದಲ ಸಲ ಹಾರಿದಾಗ, ಬೂಸ್ಟರ್ ಹೊತ್ತಿದ ಕ್ಷಣದ ಒತ್ತಡದ ಅಲೆ ಲೆಕ್ಕ ಹಾಕಿದ್ದಕ್ಕಿಂತ ಬಹಳ ಜೋರಾಗಿತ್ತು. ಮುಂದಿನ ಹಾರಾಟಕ್ಕೆ ಮೊದಲು ವೇದಿಕೆಯ ನೀರಿನ ವ್ಯವಸ್ಥೆಯನ್ನೇ ಬದಲಿಸಿದರು. ಉಡಾವಣೆಯ ಚಿತ್ರಗಳಲ್ಲಿ ವೇದಿಕೆಯ ಮೇಲೆ ನೀರು ಧುಮ್ಮಿಕ್ಕುವುದನ್ನು ನೋಡಿರುತ್ತೀರಿ. ಬೆಂಕಿಯಿಂದ ಕಾಪಾಡುವುದರ ಜೊತೆಗೆ ಸದ್ದನ್ನು ತಗ್ಗಿಸುವುದೂ ಅದರ ದೊಡ್ಡ ಕೆಲಸ.

ನೆಲ ಬಿಟ್ಟು ಮೇಲೆ ಹೋದ ಹಾಗೆ ಆ ಸದ್ದು ಹಿಂದೆ ಉಳಿಯುತ್ತದೆ. ಆಮೇಲೆ ಎರಡನೆಯದು ಶುರು. ರಾಕೆಟ್ ಶಬ್ದದ ವೇಗವನ್ನು ದಾಟುವಾಗ ಅದರ ಮೂತಿಯ ಸುತ್ತ ಆಘಾತದ ಅಲೆಗಳು ಹುಟ್ಟಿ ಹಿಂದೆಮುಂದೆ ಸರಿಯುತ್ತವೆ, ಗಾಳಿ ಹೀಟ್ ಶೀಲ್ಡ್‌ನ ಮೈ ಮೇಲೆ ಕದಡಿ ಹರಿಯುತ್ತದೆ. ಈಗ ಸದ್ದು ಮಾಡುವುದು ಎಂಜಿನ್ ಅಲ್ಲ, ಹೊರಗಿನ ಗಾಳಿಯೇ. ಅಷ್ಟು ಹೊತ್ತಿಗೆ ರಾಕೆಟ್ ಹಲವು ಕಿಲೋಮೀಟರ್ ಮೇಲಿರುತ್ತದೆ, ಒಳಗಿನ ಗಾಳಿಯೂ ತೆಳುವಾಗಿರುತ್ತದೆ. ಈ ಕೊನೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

## ಎಲ್ಲವೂ ಒಂದೇ ಥರ ನಡುಗುವುದಿಲ್ಲ

ಗಣಪತಿ ಮೆರವಣಿಗೆಯ ಡಿಜೆ ಮನೆ ಮುಂದೆ ಹಾದು ಹೋಗುವಾಗ ಕಿಟಕಿ ಗಾಜು ಗಡಗಡ ಅನ್ನುತ್ತದೆ. ಗೂಡಿನಲ್ಲಿಟ್ಟ ಸ್ಟೀಲ್ ತಟ್ಟೆಗಳು ಕೆಲವು ಬಡಿತಕ್ಕೆ ಮಾತ್ರ ಝಣಝಣ ಅನ್ನುತ್ತವೆ, ಹಾಡು ಬದಲಾದರೆ ಸುಮ್ಮನಾಗುತ್ತವೆ. ಹಿತ್ತಲಿನ ರುಬ್ಬುವ ಕಲ್ಲಿಗೆ ಏನೂ ಆಗುವುದಿಲ್ಲ. ಉಪಗ್ರಹದೊಳಗೆ ಆಗುವುದೂ ಇದೇ.

ಅಗಲವಾಗಿದ್ದು ಹಗುರಾಗಿರುವ ವಸ್ತುವಿಗೆ ಸದ್ದಿನ ಪೆಟ್ಟು ಜಾಸ್ತಿ. ಸೌರ ಫಲಕ, ಡಿಶ್ ಆಂಟೆನಾ, ತೆಳು ಹಲಗೆಗಳು ಈ ಗುಂಪಿನವು. ಸೌರ ಫಲಕಗಳ ಒಳಗೆ ಜೇನುಗೂಡಿನಂಥ ಅಲ್ಯೂಮಿನಿಯಂ ಹಾಳೆ, ಎರಡೂ ಕಡೆ ಕಾಗದದಷ್ಟು ತೆಳು ಹೊದಿಕೆ. ಗಟ್ಟಿ, ಆದರೆ ಹಗುರ. ಹಗುರ ಆಗಿರುವುದರಿಂದಲೇ ಸದ್ದಿಗೆ ಸುಲಭವಾಗಿ ಕುಣಿಯುತ್ತದೆ. ಸಣ್ಣದಾಗಿ ಭಾರವಾಗಿರುವ ಎಲೆಕ್ಟ್ರಾನಿಕ್ ಪೆಟ್ಟಿಗೆಗಳಿಗೆ ಸದ್ದು ನೇರವಾಗಿ ಅಷ್ಟು ತಾಗುವುದಿಲ್ಲ. ಆದರೆ ಅವನ್ನು ಬಿಗಿದಿರುವ ಹಲಗೆ ಕುಣಿದರೆ ಅವೂ ಕುಣಿಯಲೇಬೇಕು. ಒಳಗಿನ ಬೆಸುಗೆ ಬಿರುಕು ಬಿಡುವುದು, ರಿಲೇ ಅನ್ನುವ ವಿದ್ಯುತ್ ಸ್ವಿಚ್ ತಾನಾಗಿ ಬಡಿದುಕೊಳ್ಳುವುದು, ಸ್ಕ್ರೂ ಸಡಿಲವಾಗುವುದು ಎಲ್ಲ ಹೀಗೆ.

ಪ್ರತಿ ವಸ್ತುವಿಗೂ ತನಗೇ ಒಗ್ಗಿದ ಕೆಲವು ಆವರ್ತನಗಳಿರುತ್ತವೆ. ಅವಕ್ಕೆ ಸ್ವಾಭಾವಿಕ ಆವರ್ತನ ಅನ್ನುತ್ತಾರೆ. ಹೊರಗಿನ ಸದ್ದಿನಲ್ಲಿ ಅದೇ ಆವರ್ತನ ಇದ್ದರೆ ನಡುಕ ಬೆಳೆಯುತ್ತಾ ಹೋಗುತ್ತದೆ. ಇದು ಅನುರಣನ. ಎರಡು ಸಂಗತಿ ಸ್ವಾಭಾವಿಕ ಆವರ್ತನವನ್ನು ತೀರ್ಮಾನಿಸುತ್ತವೆ: ವಸ್ತು ಎಷ್ಟು ಬಿಗಿ, ಎಷ್ಟು ಭಾರ. ಬಿಗಿ ಹೆಚ್ಚಾದರೆ ಆವರ್ತನ ಏರುತ್ತದೆ, ಭಾರ ಹೆಚ್ಚಾದರೆ ಇಳಿಯುತ್ತದೆ. ರಾಕೆಟ್ ಸದ್ದಿನಲ್ಲಿ ಕೆಲವು ಹರ್ಟ್ಸ್‌ನಿಂದ ಹಿಡಿದು ಸಾವಿರಾರು ಹರ್ಟ್ಸ್‌ವರೆಗೆ ಎಲ್ಲವೂ ಒಟ್ಟಿಗೆ ಇರುತ್ತದೆ. ಯಾವುದಾದರೂ ಒಂದು ಭಾಗಕ್ಕೆ ತಾಗದೇ ಇರುವುದಿಲ್ಲ.

## ಗಾಳಿ ಹೊರಗೆ ಹೋಗುವ ದಾರಿ

ಶ್ರೀಹರಿಕೋಟದಲ್ಲಿ ಹೀಟ್ ಶೀಲ್ಡ್ ಮುಚ್ಚುವಾಗ ಒಳಗೆ ಸಮುದ್ರ ಮಟ್ಟದ ಗಾಳಿಯೇ ಇರುತ್ತದೆ. ರಾಕೆಟ್ ಐದೂವರೆ ಕಿಲೋಮೀಟರ್ ಏರುವಷ್ಟರಲ್ಲಿ ಹೊರಗಿನ ಒತ್ತಡ ಅರ್ಧ. 16 ಕಿಲೋಮೀಟರ್ ಹೊತ್ತಿಗೆ ಹತ್ತನೇ ಒಂದು ಪಾಲು. 31 ಕಿಲೋಮೀಟರ್‌ನಲ್ಲಿ ನೂರನೇ ಒಂದು. ಚಂದ್ರಯಾನ-3ರ ಹೀಟ್ ಶೀಲ್ಡ್ ಕಳಚಿದ್ದು ಹಾರಿದ ಸುಮಾರು 195 ಸೆಕೆಂಡಿಗೆ, ಸುಮಾರು 115 ಕಿಲೋಮೀಟರ್ ಎತ್ತರದಲ್ಲಿ. ಅಷ್ಟರಲ್ಲಿ ಒಳಗಿನ ಗಾಳಿ ಬಹುತೇಕ ಪೂರ್ತಿ ಹೊರಗೆ ಹೋಗಿರಬೇಕು.

ಹೋಗದಿದ್ದರೆ? ಒಂದು ಪೆಟ್ಟಿಗೆಯ ಮುಚ್ಚಳ 30 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ ಅಂದುಕೊಳ್ಳಿ. ಒಳಗೆ ನೆಲದ ಗಾಳಿ ಸಿಕ್ಕಿಕೊಂಡು ಹೊರಗೆ ನಿರ್ವಾತ ಆದರೆ ಆ ಮುಚ್ಚಳವನ್ನು ಹೊರಕ್ಕೆ ತಳ್ಳುವ ಬಲ 900 ಕಿಲೋ ಭಾರಕ್ಕೆ ಸಮ. ಅದಕ್ಕೇ ಉಪಗ್ರಹದಲ್ಲಿ ಎಲ್ಲಿ ನೋಡಿದರೂ ಸಣ್ಣ ಸಣ್ಣ ತೂತುಗಳು. ಎಲೆಕ್ಟ್ರಾನಿಕ್ ಪೆಟ್ಟಿಗೆಗಳಿಗೆ ತೂತು, ಚಿನ್ನದ ಬಣ್ಣದ ಆ ಪದರ ಪದರದ ಹೊದಿಕೆಗಳಿಗೆ ತೂತು, ಜೇನುಗೂಡು ಹಾಳೆಯ ಪ್ರತಿ ಗೂಡಿನ ಗೋಡೆಗೂ ತೂತು. ಹೀಟ್ ಶೀಲ್ಡ್‌ಗೂ ಗಾಳಿ ಕಿಂಡಿಗಳಿವೆ. ಕಿಂಡಿ ಚಿಕ್ಕದಾದರೆ ಗಾಳಿ ಒಳಗೇ ಉಳಿಯುತ್ತದೆ. ದೊಡ್ಡದಾದರೆ ಹೊರಗಿನ ಸದ್ದು ಒಳನುಗ್ಗುತ್ತದೆ, ಒತ್ತಡವೂ ಒಮ್ಮೆಲೇ ಕುಸಿಯುತ್ತದೆ. ಸಾಮಾನ್ಯವಾಗಿ ಸೆಕೆಂಡಿಗೆ 2,000 ಪ್ಯಾಸ್ಕಲ್‌ನಷ್ಟು ಇಳಿಕೆಯನ್ನು ನೌಕೆ ತಡೆದುಕೊಳ್ಳಬೇಕು. ಶಬ್ದದ ವೇಗ ದಾಟುವ ಕ್ಷಣದಲ್ಲಿ ಅದು ಇನ್ನೂ ಜಾಸ್ತಿಯಾಗುತ್ತದೆ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಸ್ಕೈಲ್ಯಾಬ್ ಸಾಕ್ಷಿ. 1973ರ ಮೇ 14ರಂದು ಅಮೆರಿಕದ ಆ ಅಂತರಿಕ್ಷ ನಿಲ್ದಾಣ ಹಾರಿದ 63 ಸೆಕೆಂಡಿಗೆ, ಸರಿಯಾಗಿ ಶಬ್ದದ ವೇಗ ದಾಟುವ ಹೊತ್ತಿಗೆ, ಅದರ ಮೈಗೆ ಹೊದಿಸಿದ್ದ ತೆಳು ರಕ್ಷಾಕವಚ ಕಿತ್ತುಹೋಯಿತು. ಕವಚದ ಅಡಿಯ ಒಂದು ಸುರಂಗದಂಥ ಜಾಗದಲ್ಲಿ ಒತ್ತಡ ಉಳಿದು ಅದನ್ನು ಮೇಲೆತ್ತಿತ್ತು, ಹೊರಗಿನ ಗಾಳಿ ಹಿಡಿದೆಳೆಯಿತು. ಹೋಗುವಾಗ ಒಂದು ಸೌರ ರೆಕ್ಕೆಯ ಹಿಡಿತ ಸಡಿಲಿಸಿತು, ಕೆಲವು ನಿಮಿಷ ಬಿಟ್ಟು ಅದೂ ಕಿತ್ತುಹೋಯಿತು; ಇನ್ನೊಂದು ತೆರೆಯಲಾಗದೆ ಸಿಕ್ಕಿಕೊಂಡಿತು. ಹನ್ನೊಂದು ದಿನ ಬಿಟ್ಟು ಹೋದ ಗಗನಯಾತ್ರಿಗಳು ಬಿಸಿಲಿಗೆ ಕೊಡೆಯಂಥ ಮರೆ ಕಟ್ಟಿ, ಸಿಕ್ಕಿಕೊಂಡ ರೆಕ್ಕೆಯನ್ನು ಬಿಡಿಸಿ ನಿಲ್ದಾಣವನ್ನು ಉಳಿಸಿಕೊಂಡರು.

## ಗಾಳಿಗೂ ತೂಕ ಇದೆ

ಇನ್ನು ಈ ವಿಷಯದ ಎಲ್ಲಕ್ಕಿಂತ ಸ್ವಾರಸ್ಯದ ಭಾಗ. ಒಂದು ಘನ ಮೀಟರ್ ಗಾಳಿಗೆ ಸುಮಾರು 1.2 ಕಿಲೋ ತೂಕ. ನೂರು ಘನ ಮೀಟರ್ ಜಾಗದ ಹೀಟ್ ಶೀಲ್ಡ್ ಒಳಗೆ 120 ಕಿಲೋ ಗಾಳಿ ಇರುತ್ತದೆ. ಅಗಲವಾದ ಹಲಗೆ ನಡುಗುವಾಗ ತನ್ನ ಎರಡೂ ಪಕ್ಕದ ಗಾಳಿಯನ್ನು ತಳ್ಳಬೇಕು, ಎಳೆಯಬೇಕು. ಅಂದರೆ ಆ ಗಾಳಿಯೂ ಹಲಗೆಯ ಭಾರಕ್ಕೆ ಸೇರಿಕೊಂಡ ಹಾಗೆ.

ಉದಾಹರಣೆಗೆ ಚದರ ಮೀಟರಿಗೆ 3 ಕಿಲೋ ತೂಗುವ ಒಂದು ಫಲಕ ಇಟ್ಟುಕೊಳ್ಳೋಣ. ಅದರ ಜೊತೆ ಓಲಾಡುವ ಗಾಳಿ ಚದರ ಮೀಟರಿಗೆ 1 ಕಿಲೋ ಅನ್ನೋಣ. ನೆಲದ ಮೇಲೆ ಅದು 4 ಕಿಲೋದ ಫಲಕದಂತೆ ವರ್ತಿಸುತ್ತದೆ. ನಿರ್ವಾತದಲ್ಲಿ 40 ಹರ್ಟ್ಸ್‌ಗೆ ಕುಣಿಯುವ ಫಲಕ ನೆಲದಲ್ಲಿ ಸುಮಾರು 35 ಹರ್ಟ್ಸ್‌ಗೇ ಕುಣಿಯುತ್ತದೆ. ರಾಕೆಟ್ ಏರುತ್ತಾ ಗಾಳಿ ತೆಳುವಾದಂತೆ ಆ ಆವರ್ತನ 35ರಿಂದ 40ರ ಕಡೆಗೆ ನಿಧಾನಕ್ಕೆ ಜಾರುತ್ತದೆ. ಉಡಾವಣೆಯ ಹೊತ್ತಿನಲ್ಲಿ ಫಲಕದ ಸ್ವಭಾವವೇ ಬದಲಾಗುತ್ತಾ ಹೋಗುತ್ತದೆ!

ಹಲವು ಸೌರ ಫಲಕಗಳನ್ನು ಮಡಚಿ ಒಂದರ ಪಕ್ಕ ಒಂದು ಇಟ್ಟಾಗ ಇದು ಇನ್ನೂ ಜೋರು. ನಡುವೆ ಒಂದೆರಡು ಸೆಂಟಿಮೀಟರ್ ಸಂದು ಮಾತ್ರ. ಫಲಕಗಳು ಹತ್ತಿರ ಬಂದಾಗ ಸಂದಿನ ಗಾಳಿ ಅಂಚಿಗೆ ನುಗ್ಗುತ್ತದೆ, ದೂರ ಸರಿದಾಗ ವಾಪಸ್ ಬರುತ್ತದೆ. ಅಷ್ಟು ಇಕ್ಕಟ್ಟಿನಲ್ಲಿ ಗಾಳಿ ತುಂಬಾ ವೇಗವಾಗಿ ಓಡಬೇಕಾಗುವುದರಿಂದ ಅದರ ಭಾರ ಹಲವು ಪಟ್ಟಾದಂತೆ ತೋರುತ್ತದೆ. ಜೊತೆಗೆ ಗಾಳಿ ತಿಕ್ಕಾಡಿ ನಡುಕದ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಗಾಳಿ ಹೋದ ಮೇಲೆ ಆ ಹೀರಿಕೊಳ್ಳುವಿಕೆಯೂ ಇಲ್ಲ. ಒಮ್ಮೆ ಶುರುವಾದ ನಡುಕ ನಿಲ್ಲಲು ಹೆಚ್ಚು ಹೊತ್ತು ಬೇಕು.

ಸಮಾಧಾನದ ಸಂಗತಿಯೂ ಇದೆ. ತೆಳು ಗಾಳಿ ಸದ್ದನ್ನು ಹೊರುವುದೂ ಕಡಿಮೆ. ಹಾಗಾಗಿ ಪೆಟ್ಟು ತಗ್ಗುತ್ತದೆ, ಆದರೆ ನಡುಕಕ್ಕೆ ತಡೆ ಒಡ್ಡುವ ಗಾಳಿಯೂ ತಗ್ಗುತ್ತದೆ. ಇವೆರಡರಲ್ಲಿ ಯಾವುದರ ಕೈ ಮೇಲಾಗುತ್ತದೆ ಅನ್ನುವುದು ಒಂದೊಂದು ಭಾಗಕ್ಕೆ ಒಂದೊಂದು ರೀತಿ. ಊಹೆಯಿಂದ ಹೇಳಲು ಆಗುವುದಿಲ್ಲ.

1960ರ ದಶಕದಲ್ಲಿ ನಾಸಾದ ಗಾಡರ್ಡ್ ಕೇಂದ್ರದಲ್ಲಿ ಈ ಎಲ್ಲವನ್ನೂ ಒಟ್ಟಿಗೆ ಕೊಡುವ ಯಂತ್ರ ಕಟ್ಟಲು ಹೊರಟಿದ್ದರು. ದೈತ್ಯ ತೋಳಿನ ತುದಿಯಲ್ಲಿ ನೌಕೆಯನ್ನಿಟ್ಟು ಗರಗರ ತಿರುಗಿಸುತ್ತಲೇ ಸದ್ದು, ಕಂಪನ, ಒತ್ತಡದ ಇಳಿಕೆ ಎಲ್ಲ ಒಂದೇ ಸಲಕ್ಕೆ. ಇವತ್ತು ಹೆಚ್ಚಿನ ಕಡೆ ಹಾಗೆ ಮಾಡುವುದಿಲ್ಲ. ಸದ್ದಿಗೆ ಒಂದು ಪರೀಕ್ಷೆ, ಬುಡದ ಕಂಪನಕ್ಕೆ ಇನ್ನೊಂದು, ಒತ್ತಡಕ್ಕೆ ಮತ್ತೊಂದು. ನಡುವಿನ ಕೊಂಡಿಯನ್ನು ಕಂಪ್ಯೂಟರ್ ಲೆಕ್ಕದಿಂದ ಬೆಸೆಯುತ್ತಾರೆ.

## ಮಾರ್ದನಿ ಕೋಣೆಯೊಳಗೆ

ಸದ್ದಿನ ಪರೀಕ್ಷೆ ನಡೆಯುವುದು ಮಾರ್ದನಿ ಕೋಣೆಯಲ್ಲಿ. ರೆಕಾರ್ಡಿಂಗ್ ಸ್ಟುಡಿಯೋದ ಗೋಡೆ ಸದ್ದನ್ನು ನುಂಗಬೇಕು. ಇಲ್ಲಿ ಗೋಡೆ ಸದ್ದನ್ನು ಚೂರೂ ನುಂಗಬಾರದು. ದಪ್ಪ ಕಾಂಕ್ರೀಟ್, ನುಣುಪಾದ ಬಣ್ಣ, ಭಾರಿ ಬಾಗಿಲು. ಸದ್ದು ಗೋಡೆಯಿಂದ ಗೋಡೆಗೆ ಬಡಿದು ಕೋಣೆಯ ಎಲ್ಲ ಮೂಲೆಯಲ್ಲೂ ಒಂದೇ ಸಮ ತುಂಬಿಕೊಳ್ಳಬೇಕು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ, ಅಂದರೆ ನಾವೆಲ್ಲ ಎನ್‌ಎಎಲ್ ಅನ್ನುವ ಸಂಸ್ಥೆಯಲ್ಲಿ, 1,100 ಘನ ಮೀಟರಿನ ಇಂಥ ಕೋಣೆ ಇದೆ. ಇಸ್ರೋದ ರಾಕೆಟ್ ಭಾಗಗಳು, ಉಪಗ್ರಹಗಳು ಅಲ್ಲಿ ಪರೀಕ್ಷೆಗೆ ಒಳಗಾಗಿವೆ. ನಾಸಾದ ಒಹಾಯೋ ಕೋಣೆ ಸುಮಾರು 2,860 ಘನ ಮೀಟರ್, ಅಲ್ಲಿ 163 ಡೆಸಿಬಲ್‌ವರೆಗೆ ಏರಿಸಬಹುದು.

ಸದ್ದು ಮಾಡುವುದು ಗೋಡೆಗೆ ಕೂರಿಸಿದ ದೊಡ್ಡ ಲೋಹದ ಕೊಂಬುಗಳು. ಅವುಗಳ ಬುಡದಲ್ಲಿ ಒಂದು ಕವಾಟ ಒತ್ತಡದ ನೈಟ್ರೋಜನ್ ಅನಿಲವನ್ನು ಸರಸರ ಬಿಟ್ಟು ತಡೆದು ಮಾಡುತ್ತದೆ. ದೊಡ್ಡ ಕೊಂಬಿನಿಂದ ತಗ್ಗಿನ ಸ್ವರ, ಚಿಕ್ಕದರಿಂದ ಏರು ಸ್ವರ. ನೈಟ್ರೋಜನ್ ಯಾಕೆ ಅಂದರೆ ಅದು ಒಣ, ಶುದ್ಧ. ತೇವದ ಗಾಳಿಯಷ್ಟು ಅದು ಏರು ಸ್ವರವನ್ನು ಹೀರಿಕೊಳ್ಳುವುದಿಲ್ಲ. ಆದರೆ ಕೋಣೆಯಲ್ಲಿ ನೈಟ್ರೋಜನ್ ತುಂಬಿದರೆ ಉಸಿರಾಡಲು ಆಮ್ಲಜನಕ ಇರುವುದಿಲ್ಲ. ಪರೀಕ್ಷೆ ಮುಗಿದ ಮೇಲೂ ಗಾಳಿ ಬದಲಿಸಿ, ಆಮ್ಲಜನಕ ಅಳೆದು ನೋಡದೆ ಯಾರೂ ಒಳಗೆ ಕಾಲಿಡುವಂತಿಲ್ಲ.

ಇದಕ್ಕೆ ಮೊದಲಿನ ಕೆಲಸ ತಾಳ್ಮೆಯದು. ಉಪಗ್ರಹದ ಮೈ ಮೇಲೆ ಉಗುರಿನಷ್ಟು ಚಿಕ್ಕ ಲೋಹದ ಘನಗಳನ್ನು ಅಂಟಿಸುತ್ತಾರೆ. ಅವು ಅಕ್ಸೆಲೆರೋಮೀಟರ್‌ಗಳು, ನಡುಕವನ್ನು ಅಳೆಯುವವು. ದೊಡ್ಡ ನೌಕೆಗೆ ಇಂಥವು ನೂರಾರು. ಪ್ರತಿಯೊಂದಕ್ಕೂ ಕೂದಲಿನಂಥ ತಂತಿ, ಆ ತಂತಿ ತಾನೇ ಬಡಿದುಕೊಂಡು ಸುಳ್ಳು ಲೆಕ್ಕ ಕೊಡಬಾರದು ಅಂತ ಅಲ್ಲಲ್ಲಿ ಟೇಪು. ನೌಕೆಯ ಸುತ್ತ ಮೈಕುಗಳು. ಬಾಗಿಲು ಮುಚ್ಚಿ ಮೊದಲು ತಗ್ಗಿದ ಸದ್ದು ಕೊಟ್ಟು ಎಲ್ಲ ಭಾಗಗಳ ಆವರ್ತನ ಬರೆದುಕೊಳ್ಳುತ್ತಾರೆ. ಆಮೇಲೆ ಹಂತ ಹಂತವಾಗಿ ಏರಿಸಿ ಪೂರ್ತಿ ಮಟ್ಟಕ್ಕೆ ಹೋಗುತ್ತಾರೆ. ಪೂರ್ತಿ ಮಟ್ಟದಲ್ಲಿ ಇರುವುದು ಒಂದೆರಡು ನಿಮಿಷ ಅಷ್ಟೇ. ಕೊನೆಗೆ ಮತ್ತೆ ಮೊದಲಿನ ತಗ್ಗಿದ ಸದ್ದು.

ಯಾವ ಆವರ್ತನದಲ್ಲಿ ಎಷ್ಟು ನಡುಕ ಅನ್ನುವುದನ್ನು ಗೆರೆಯಾಗಿ ಬರೆದು, ಮೊದಲಿನ ಗೆರೆ, ಕೊನೆಯ ಗೆರೆ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡುತ್ತಾರೆ. ಯಾವುದೋ ಒಂದು ಶಿಖರ ಎಡಕ್ಕೆ ಸರಿದಿದ್ದರೆ ಅಲ್ಲಿ ಬಿಗಿ ಕಮ್ಮಿಯಾಗಿದೆ ಅಂತ ಅರ್ಥ. ಎಲ್ಲೋ ಬಿರುಕು, ಎಲ್ಲೋ ಸಡಿಲ. ಕಣ್ಣಿಗೆ ಕಾಣದ ದೋಷ ಹೀಗೆ ಕಾಗದದ ಮೇಲೆ ಕಾಣುತ್ತದೆ.

ಕೋಣೆಯಲ್ಲಿರುವುದು ನೆಲದ ಒತ್ತಡದ ಅನಿಲ. ನೆಲ ಬಿಡುವ ಕ್ಷಣಕ್ಕೆ ಇದು ಸರಿಯಾಗಿ ಹೊಂದುತ್ತದೆ. ಶಬ್ದದ ವೇಗ ದಾಟುವ ಹೊತ್ತಿನ ತೆಳು ಗಾಳಿಗೆ ಹೊಂದುವುದಿಲ್ಲ. ಅದಕ್ಕೆ ಎರಡೂ ಸಂದರ್ಭಗಳಲ್ಲಿ ಪ್ರತಿ ಆವರ್ತನದಲ್ಲೂ ಯಾವುದು ಜೋರೋ ಅದನ್ನೇ ತೆಗೆದುಕೊಂಡು ಪರೀಕ್ಷೆಯ ಮಟ್ಟ ಕಟ್ಟುತ್ತಾರೆ. ಹೊಸ ವಿನ್ಯಾಸವಾದರೆ ಮೇಲೆ ಸಾಮಾನ್ಯವಾಗಿ ಇನ್ನೂ 3 ಡೆಸಿಬಲ್ ಸೇರಿಸುತ್ತಾರೆ.

## ಬುಡ ಅಲುಗಿಸುವ ಶೇಕರ್

ತಗ್ಗಿನ ಆವರ್ತನದ ನಡುಕ, ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನದು, ಹೆಚ್ಚಾಗಿ ಬುಡದಿಂದ ಬರುತ್ತದೆ. ಅದಕ್ಕೆ ಶೇಕರ್ ಬೇಕು. ಸುರುಳಿ, ಆಯಸ್ಕಾಂತ ಸೇರಿ ಒಂದು ವೇದಿಕೆಯನ್ನು ಅಲುಗಿಸುವ ಯಂತ್ರ ಇದು. ಪರೀಕ್ಷೆ ಅಪಾಯದ್ದೂ ಹೌದು. 2000ದ ಮಾರ್ಚ್‌ನಲ್ಲಿ ನಾಸಾದ ಹೆಸ್ಸಿ ಅನ್ನುವ ಸೂರ್ಯ ವೀಕ್ಷಣೆಯ ಉಪಗ್ರಹ ಶೇಕರ್ ಮೇಲಿದ್ದಾಗ, ಯಂತ್ರದ ಚಲಿಸುವ ಭಾಗ ತಿಕ್ಕಾಡಿ ನಿಯಂತ್ರಣಕ್ಕೆ ತಪ್ಪು ಲೆಕ್ಕ ಸಿಕ್ಕಿತು. ಕೊಡಬೇಕಾಗಿದ್ದಕ್ಕಿಂತ ಸುಮಾರು ಹತ್ತು ಪಟ್ಟು ಜೋರಿನ ಹೊಡೆತ ಬಿತ್ತು. ಉಪಗ್ರಹಕ್ಕೆ ಪೆಟ್ಟಾಗಿ ದುರಸ್ತಿ ಮಾಡಬೇಕಾಯಿತು. ಅದು ಹಾರಿದ್ದು 2002ರ ಫೆಬ್ರವರಿಯಲ್ಲಿ.

## ವೆಬ್ ದೂರದರ್ಶಕದ ಸ್ಕ್ರೂಗಳು

ಇಷ್ಟೆಲ್ಲ ಶ್ರಮ ಬೇಕಾ ಅಂತ ಕೇಳುವವರಿಗೆ ಜೇಮ್ಸ್ ವೆಬ್ ದೂರದರ್ಶಕದ ಕಥೆ ಹೇಳಬೇಕು. ಟೆನಿಸ್ ಅಂಗಣದಷ್ಟು ದೊಡ್ಡ, ಐದು ಪದರದ ಬಿಸಿಲ ಮರೆ ಅದಕ್ಕಿದೆ. ಒಂದೊಂದು ಪದರವೂ ಕೂದಲಿನಷ್ಟು ತೆಳು. ಉಡಾವಣೆಯಲ್ಲಿ ಅದನ್ನು ಮಡಚಿ, ಮೇಲೆ ಮುಚ್ಚಿಗೆ ಹಾಕಿ ಕಳಿಸಬೇಕಿತ್ತು. 2018ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸದ್ದಿನ ಪರೀಕ್ಷೆ ಮುಗಿಸಿ ನೋಡಿದರೆ ಆ ಮುಚ್ಚಿಗೆಯನ್ನು ಹಿಡಿದಿದ್ದ ಸ್ಕ್ರೂ, ವಾಷರ್‌ಗಳು ಕಳಚಿ ಬಿದ್ದಿದ್ದವು. ಹಾಗೇ ಹಾರಿದ್ದರೆ ಅವು ಹರಿದಾಡಿ ಮರೆಯನ್ನು ಸೀಳಬಹುದಿತ್ತು, ತೆರೆಯುವ ಯಂತ್ರಕ್ಕೆ ಸಿಕ್ಕಿಕೊಳ್ಳಬಹುದಿತ್ತು. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ ಹೋಗಿ ಸರಿಮಾಡುವವರು ಯಾರು?

ಗಾಳಿಯ ಒತ್ತಡವೂ ವೆಬ್‌ಗೆ ತಲೆನೋವಾಯಿತು. ಮಡಚಿದ ಪದರಗಳ ನಡುವೆ ಸ್ವಲ್ಪ ಗಾಳಿ ಉಳಿದುಬಿಡುತ್ತದೆ. ದೂರದರ್ಶಕವನ್ನು ಒಯ್ಯಬೇಕಿದ್ದ ಏರಿಯಾನ್-5 ರಾಕೆಟ್ಟಿನ ಹೀಟ್ ಶೀಲ್ಡ್ ಕಳಚುವ ಕ್ಷಣದಲ್ಲಿ ಒಳಗೆ ಉಳಿದ ಒತ್ತಡ ಒಮ್ಮೆಲೇ ಇಲ್ಲವಾದರೆ, ಆ ಸಿಕ್ಕಿಕೊಂಡ ಗಾಳಿ ಉಬ್ಬಿ ಪದರಗಳನ್ನು ಎಳೆದಾಡುತ್ತದೆ. ಬೇರೆ ಉಪಗ್ರಹಗಳಿಗೆ ಲೆಕ್ಕಕ್ಕೇ ಇಲ್ಲದಷ್ಟು ಚಿಕ್ಕ ಒತ್ತಡ ಅದು. ಹೀಟ್ ಶೀಲ್ಡ್‌ನ ಗಾಳಿ ಕಿಂಡಿಗಳು ಕೊನೆವರೆಗೂ ತೆರೆದೇ ಇರುವಂತೆ ಬದಲಿಸಿದರು. ಬದಲಿಸಿದ್ದು ಕೆಲಸ ಮಾಡುತ್ತದಾ ಅಂತ 2020ರ ಆಗಸ್ಟ್‌ನಿಂದ ಬೇರೆ ಉಪಗ್ರಹಗಳನ್ನು ಒಯ್ದ ಏರಿಯಾನ್-5 ಹಾರಾಟಗಳಲ್ಲಿ ಒತ್ತಡ ಅಳೆದು ನೋಡಿದರು. ವೆಬ್ ಹಾರಿದ್ದು 2021ರ ಡಿಸೆಂಬರ್ 25ಕ್ಕೆ. ಮುಂದಿನ ಕೆಲವೇ ದಿನಗಳಲ್ಲಿ ಆ ಐದೂ ಪದರಗಳು ಒಂದೂ ಹರಿಯದೆ ಬಿಚ್ಚಿಕೊಂಡವು.